ಅಮ್ಮನಿಗೆ ಹಲ್ಲುಸೆಟ್: ಕೆಳಗೆ ಉಳಿದ ಆರು ಹಲ್ಲನ್ನೂ ತೆಗೆಸಬೇಕಾ?

ಪ್ರಶ್ನೆ, ಬ್ರಹ್ಮಾವರದಿಂದ:
ಡಾಕ್ಟ್ರೇ, ನಮಸ್ಕಾರ. ಅಮ್ಮನಿಗೆ 68 ವರ್ಷ. ಮೇಲೆ ಒಂದೂ ಹಲ್ಲಿಲ್ಲ, ಕೊನೆಯ ಮೂರನ್ನು ಹದಿನೈದು ದಿನದ ಹಿಂದೆ ತೆಗೆಸಿದ್ದು. ಕೆಳಗೆ ಎದುರಿನ ಆರು ಮಾತ್ರ ಉಂಟು, ಅದರಲ್ಲಿ ನಡುವಿನ ಎರಡು ಅಲ್ಲಾಡುತ್ತವೆ. ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದು ಕಡೆ "ಎಲ್ಲ ತೆಗೆದು ಫುಲ್ ಸೆಟ್ ಮಾಡುವ" ಅಂದರು, ಇನ್ನೊಂದು ಕಡೆ ಇಂಪ್ಲಾಂಟ್ ಅಂದರು. ಎರಡು ತಿಂಗಳಲ್ಲಿ ಅಕ್ಕನ ಮಗಳ ಮದುವೆ. ಅಷ್ಟರೊಳಗೆ ಹಲ್ಲು ಕಟ್ಟಿಸಬಹುದಾ? ಕಟ್ಟಿಸಿದ ಮೇಲೆ ಏನೆಲ್ಲ ಕಷ್ಟ ಆಗ್ತದೆ?

ಉತ್ತರ, ಕೃತಕ ಹಲ್ಲಿನ ತಜ್ಞೆ, ಉಡುಪಿ:
ಆರೂ ಹಲ್ಲು ತೆಗೆಸಲು ಅವಸರ ಮಾಡಬೇಡಿ. ಮೇಲಿನ ಸೆಟ್ ಅಂಗುಳವನ್ನೆಲ್ಲ ಮುಚ್ಚುತ್ತದೆ. ಒದ್ದೆಯಾದ ಎರಡು ಗಾಜು ಒಂದಕ್ಕೊಂದು ಅಂಟಿಕೊಂಡಂತೆ, ಎಂಜಲಿನ ತೆಳು ಪದರದಿಂದ ಅದು ಗಟ್ಟಿಯಾಗಿ ಕೂರುತ್ತದೆ. ಕೆಳಗಿನದು ಕುದುರೆಯ ಲಾಳದ ಹಾಗೆ. ಆಸರೆಗೆ ಸಿಗುವ ಜಾಗ ಮೇಲಿನದರ ಸುಮಾರು ಅರ್ಧ, ನಡುವೆ ನಾಲಗೆ ಬೇರೆ ಸುಮ್ಮನಿರುವುದಿಲ್ಲ. ಹಲ್ಲು ಹೋದ ಮೇಲೆ ವರ್ಷಗಳು ಕಳೆದಂತೆ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಮೇಲಿನದು ಬಾಯಲ್ಲಿ, ಕೆಳಗಿನದು ಡಬ್ಬಿಯಲ್ಲಿ ಅಂತ ಆಗುವುದು ಇದಕ್ಕೇ.

ಹಾಗಂತ ಈ ಆರನ್ನು ಹೀಗೇ ಇಟ್ಟು ಮೇಲಿನ ಸೆಟ್ ಮಾತ್ರ ಮಾಡಿಸುವುದೂ ತಪ್ಪು. ಹಿಂದೆ ಹಲ್ಲಿಲ್ಲದಿದ್ದರೆ ಜಗಿಯುವ ಭಾರವೆಲ್ಲ ಎದುರಿಗೆ ಬರುತ್ತದೆ. ಕೆಳಗಿನ ಹಲ್ಲು ಮೇಲಿನ ಸೆಟ್‌ನ ಮುಂಭಾಗವನ್ನು ದಿನವೂ ಒತ್ತಿ ಒತ್ತಿ ಅಲ್ಲಿಯ ಮೂಳೆ ಕರಗುತ್ತದೆ. ಉಳಿಯುವುದು ಬೆರಳಲ್ಲಿ ಒತ್ತಿದರೆ ಅಲುಗುವ ಮೆತ್ತಗಿನ ಒಸಡು ಮಾತ್ರ. ಆಮೇಲೆ ಎಷ್ಟು ಒಳ್ಳೆಯ ಸೆಟ್ ಮಾಡಿದರೂ ಕೂರುವುದಿಲ್ಲ.

ಹಾಗಾಗಿ ಮೊದಲು ಓಪಿಜಿ, ಅಂದರೆ ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇ, ತೆಗೆಸಿ. ಎರಡು ಕೋರೆಹಲ್ಲುಗಳ ಬೇರು ಗಟ್ಟಿಯಿದ್ದರೆ ಅವನ್ನು ಉಳಿಸಿಕೊಳ್ಳಲೇಬೇಕು. ಅಲ್ಲಾಡುವ ಎರಡನ್ನು ತೆಗೆದು, ಉಳಿದ ನಾಲ್ಕಕ್ಕೆ ಹಿಡಿಯುವ ಹಾಗೆ ಲೋಹದ ಚೌಕಟ್ಟಿನ ಪಾರ್ಶಿಯಲ್ ಸೆಟ್ (ಇಲ್ಲದ ಹಲ್ಲುಗಳ ಜಾಗಕ್ಕೆ ಮಾತ್ರ ಕೂರುವ ಸೆಟ್) ಮಾಡಿಸಬಹುದು. ಕೋರೆ ಬಿಟ್ಟು ಉಳಿದವು ಕೆಟ್ಟಿದ್ದರೆ ಇನ್ನೊಂದು ದಾರಿ: ಕೋರೆಹಲ್ಲಿಗೆ ರೂಟ್ ಕೆನಾಲ್ ಮಾಡಿ, ಒಸಡಿನಿಂದ ಮೇಲೆ 1.5-2 ಮಿ.ಮೀ. ಮಾತ್ರ ಉಳಿಯುವಂತೆ ಕತ್ತರಿಸಿ, ಗುಂಡಗೆ ನಯ ಮಾಡಿ, ಅದರ ಮೇಲೆ ಫುಲ್ ಸೆಟ್ ಕೂರಿಸುವುದು. ಬೇರು ಇರುವವರೆಗೆ ಅದರ ಸುತ್ತಲಿನ ಮೂಳೆಯೂ ಉಳಿಯುತ್ತದೆ. ಆದರೆ ಆ ಬೇರಿನ ತುದಿಯನ್ನು ದಿನವೂ ಬ್ರಶ್ ಮಾಡಬೇಕು. ಇಲ್ಲದಿದ್ದರೆ ಹುಳುಕು ಹಿಡಿದು ಎಲ್ಲ ಶ್ರಮ ವ್ಯರ್ಥ.

ಬೇರು ಯಾವುದೂ ಉಳಿಯದಿದ್ದರೆ ಆಗ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ತಿರುಪಿನ ಮಾತು. ಕೆಳಗೆ ಎದುರಿಗೆ ಎರಡೇ ಸಾಕು, ಸೆಟ್ ಅದಕ್ಕೆ ಪ್ರೆಸ್ ಬಟನ್ ಹಾಗೆ ಕೂರುತ್ತದೆ. ಶುಗರ್ ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ಬೇಡ ಅನ್ನಬೇಕಾಗಿಲ್ಲ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್ ತನ್ನಿ. ಮೂಳೆ ಸವೆತಕ್ಕೆ ಇಂಜೆಕ್ಷನ್ ಅಥವಾ ವಾರಕ್ಕೊಮ್ಮೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಲ್ಲು ತೆಗೆಸುವ ಮೊದಲೇ ಹೇಳಿ, ದವಡೆಯ ಗಾಯ ಒಣಗದೆ ಉಳಿಯುವ ಅಪಾಯ ಇದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮದುವೆಯ ಲೆಕ್ಕ ಹೀಗೆ. ಒಸಡು ಮಾಯಲು ಕಡಿಮೆಯೆಂದರೆ 6-8 ವಾರ ಬೇಕು, ಆಮೇಲೆ ಸೆಟ್‌ಗೆ ನಾಲ್ಕೈದು ಭೇಟಿ. ಖಾಯಂ ಸೆಟ್ ಅಷ್ಟರೊಳಗೆ ಬೇಡ. ಈಗ ತಾತ್ಕಾಲಿಕ ಸೆಟ್ ಮಾಡಿಸಿ. ಮೊದಲ ಆರು ತಿಂಗಳಲ್ಲಿ ಮೂಳೆ ಬೇಗ ಇಳಿಯುವುದರಿಂದ ಅದು ಸಡಿಲ ಆಗಿಯೇ ಆಗುತ್ತದೆ. ಒಳಗೆ ಮೆತ್ತಗಿನ ಪದರ ಹಾಕಿಸಿ ದಿನ ತಳ್ಳಬಹುದು. ಹೀಗೆ ಎರಡು ಸೆಟ್‌ನ ಖರ್ಚು ಬರುತ್ತದೆ ಎನ್ನುವುದನ್ನು ಮೊದಲೇ ತಿಳಿದಿರಿ.

ಭೇಟಿಗಳಲ್ಲಿ ಮುಖ್ಯವಾದದ್ದು ಮೇಣದ ಟ್ರಯಲ್. ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಿಗಿಟ್ಟು ನೋಡುವ ದಿನ ನೀವೂ ಜೊತೆಗೆ ಹೋಗಿ, ಕಿಟಕಿಯ ಬೆಳಕಿನಲ್ಲಿ ಅಮ್ಮನಿಗೆ ಕನ್ನಡಿ ಕೊಡಿ. "ಸಾಸಿವೆ", "ಸಂತೋಷ", "ಐವತ್ತೈದು" ಅಂತ ಹೇಳಿಸಿ. "ಸ" ಹೇಳುವಾಗ ಮೇಲಿನ-ಕೆಳಗಿನ ಹಲ್ಲು ಟಕ್ ಅಂತ ತಾಗಿದರೆ ಎತ್ತರ ಹೆಚ್ಚಾಗಿದೆ. ಸುಮ್ಮನೆ ಕೂತಾಗ ನಡುವೆ 2-4 ಮಿ.ಮೀ. ಬಿಡುವು ಇರಬೇಕು. ಆ ದಿನ ಮೇಣವನ್ನು ಬಿಸಿ ಮಾಡಿ ಹಲ್ಲು ಸರಿಸಬಹುದು. ಪ್ಲಾಸ್ಟಿಕ್ ಆದ ಮೇಲೆ ಆಗುವುದಿಲ್ಲ. ಹಲ್ಲು ಬೆಳ್ಳಗೆ, ಸಾಲಾಗಿ ಇರಲಿ ಅಂತ ಮನೆಯವರು ಒತ್ತಾಯಿಸುವುದುಂಟು. 68ರ ಮುಖಕ್ಕೆ ಸ್ವಲ್ಪ ಹಳದಿ ಬಣ್ಣವೇ ಒಪ್ಪುತ್ತದೆ.

ಹಾಕಿದ ಮೊದಲ ವಾರ ಎಂಜಲು ತುಂಬಿ ಬರುತ್ತದೆ, ಮಾತು ತೊದಲುತ್ತದೆ. ದಿನಪತ್ರಿಕೆಯನ್ನು ಜೋರಾಗಿ ಓದಿಸಿ. ಗಂಜಿ, ನೀರುದೋಸೆ, ಮೂಡೆಯಿಂದ ಶುರು ಮಾಡಿ. ತುಂಡು ಸಣ್ಣದಿರಲಿ, ಎರಡೂ ಬದಿಯಲ್ಲಿ ಒಟ್ಟಿಗೆ ಜಗಿಯಲಿ, ಎದುರಿನ ಹಲ್ಲಿನಲ್ಲಿ ಕಚ್ಚಿ ಎಳೆಯುವುದು ಬೇಡ. ಕೋರಿ ರೊಟ್ಟಿ ತಿನ್ನಬಹುದು, ಸಾರಿನಲ್ಲಿ ಚೆನ್ನಾಗಿ ನೆನೆಯಬೇಕು. ಚಕ್ಕುಲಿ, ಹಲಸಿನ ಹಪ್ಪಳ ಎರಡು ತಿಂಗಳು ಬಿಡಲಿ. ಇದನ್ನಂತೂ ಮರೆಯಬೇಡಿ: ಅಂಗುಳ ಮುಚ್ಚಿರುವುದರಿಂದ ಬಿಸಿಯೂ ಮುಳ್ಳೂ ಬೇಗ ಗೊತ್ತಾಗುವುದಿಲ್ಲ. ಬೂತಾಯಿ, ಬಂಗುಡೆಯ ಮುಳ್ಳನ್ನು ತಟ್ಟೆಯಲ್ಲೇ ಕೈಯಿಂದ ಬಿಡಿಸಿ ಕೊಡಿ, ಚಹಾ ಆರಿಸಿ ಕೊಡಿ. ಫುಲ್ ಸೆಟ್‌ನಲ್ಲಿ ಜಗಿಯುವ ಬಲ ಸ್ವಂತ ಹಲ್ಲಿನ ಕಾಲು ಭಾಗ ಬಂದರೆ ಹೆಚ್ಚು. ಇದನ್ನು ಅಮ್ಮನಿಗೆ ಈಗಲೇ ಹೇಳಿ, ಆಮೇಲೆ ಬೇಸರ ಆಗಬಾರದು.

ಪ್ರಶ್ನೆ, ಸುರತ್ಕಲ್‌ನಿಂದ:
ಮಾವನವರಿಗೆ ಕೆಳಗಿನ ಸೆಟ್ ಒಂದೇ ಕಡೆ ಒತ್ತಿ ಹುಣ್ಣಾಗಿದೆ. ಅವರೇ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿಕೊಂಡಿದ್ದಾರೆ. ಮೇಲಿನದು ನಡುವೆ ಸೀಳಿದೆ, ಫೆವಿಕ್ವಿಕ್ ಹಾಕಬಹುದಾ?

ಉತ್ತರ, ಡೆಂಟಲ್ ಲ್ಯಾಬ್ ಟೆಕ್ನಿಷಿಯನ್, ಮಂಗಳೂರು:
ಖಂಡಿತ ಬೇಡ. ತುಂಡು ಕೂದಲೆಳೆಯಷ್ಟು ಜಾರಿ ಅಂಟಿದರೂ ಸೆಟ್ ಮತ್ತೆ ಅಂಗುಳಕ್ಕೆ ಕೂರುವುದಿಲ್ಲ. ಅಂಟಿನ ಪದರ ಇದ್ದ ಕಡೆ ನಾವು ಹಾಕುವ ಅಕ್ರಿಲಿಕ್ (ಸೆಟ್ ಮಾಡುವ ಪ್ಲಾಸ್ಟಿಕ್) ಹಿಡಿಯುವುದೂ ಇಲ್ಲ. ಚೂರುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಡಾಕ್ಟ್ರ ಹತ್ತಿರ ಕೊಂಡುಹೋಗಿ. ಅಂಚು ಸರಿಯಾಗಿ ಕೂಡಿದರೆ ರಿಪೇರಿ ದೊಡ್ಡ ಕೆಲಸ ಅಲ್ಲ. ಆದರೆ ನಡುವೆಯೇ ಯಾಕೆ ಸೀಳಿತು ಎಂದು ಕೇಳಿ. ಬದಿಯ ಮೂಳೆ ಇಳಿದು, ಅಂಗುಳದ ನಡುವಿನ ಗಟ್ಟಿ ಭಾಗದ ಮೇಲೆ ಸೆಟ್ ತಕ್ಕಡಿಯ ಹಾಗೆ ಆಡುತ್ತಿದ್ದರೆ ಜಗಿದಾಗಲೆಲ್ಲ ಬಾಗಿ ಬಾಗಿ ಸೀಳುತ್ತದೆ. ಆಗ ಒಳಪದರ ಹೊಸತಾಗಿ ಹಾಕಿಸದೆ ಬರೀ ಅಂಟಿಸಿದರೆ ಅಲ್ಲಿಯೇ ಮತ್ತೆ ಒಡೆಯುತ್ತದೆ.

ಉತ್ತರ, ಕೃತಕ ಹಲ್ಲಿನ ತಜ್ಞೆ, ಉಡುಪಿ:
ಹುಣ್ಣಿಗೆ ಸೆಟ್ ತೆಗೆದಿಡಲಿ. ಆದರೆ ನಮ್ಮಲ್ಲಿಗೆ ಬರುವ ಮೊದಲು ನಾಲ್ಕೈದು ಗಂಟೆ ಹಾಕಿಕೊಳ್ಳಲಿ, ಇಲ್ಲದಿದ್ದರೆ ಒತ್ತಿದ ಗುರುತು ಕಾಣುವುದಿಲ್ಲ. ಹುಣ್ಣು ಒಂದು ಕಡೆ, ತಪ್ಪು ಇನ್ನೊಂದು ಕಡೆ ಇರುವುದೂ ಉಂಟು: ಇನ್ನೊಂದು ಬದಿಯ ಒಂದು ಹಲ್ಲು ಎತ್ತರ ಇದ್ದರೂ ಸೆಟ್ ಜಾರಿ ಇಲ್ಲಿ ಉಜ್ಜುತ್ತದೆ. ಮನೆಯಲ್ಲಿ ಉಜ್ಜಿದ ಜಾಗ ಮತ್ತೆ ಬರುವುದಿಲ್ಲ. ಸೆಟ್ ಸರಿಮಾಡಿಸಿದ ಮೇಲೂ ಎರಡು ವಾರದಲ್ಲಿ ಹುಣ್ಣು ಮಾಯದಿದ್ದರೆ, ಅದರಲ್ಲೂ ಎಲೆಅಡಿಕೆ-ಹೊಗೆಸೊಪ್ಪಿನ ಅಭ್ಯಾಸ ಇದ್ದರೆ, ತಡ ಮಾಡದೆ ಬಾಯಿ ಪರೀಕ್ಷೆ ಮಾಡಿಸಿ.

ಪ್ರಶ್ನೆ, ಕುಂದಾಪುರದಿಂದ:
ರಾತ್ರಿ ತೆಗೆಯಲೇಬೇಕಾ? ಪೇಸ್ಟ್ ಹಾಕಿ ತಿಕ್ಕಬಹುದಾ? ಬಿಪಿಎಲ್ ಕಾರ್ಡ್‌ನವರಿಗೆ ಸರ್ಕಾರದಿಂದ ಸಿಗ್ತದಂತೆ, ಹೌದಾ?

ಉತ್ತರ, ಕೃತಕ ಹಲ್ಲಿನ ತಜ್ಞೆ, ಉಡುಪಿ:
ತೆಗೆಯಲೇಬೇಕು. ರಾತ್ರಿಯೂ ಹಾಕಿಕೊಂಡರೆ ಅಂಗುಳ ಕೆಂಪಾಗಿ ಫಂಗಸ್ ಹಿಡಿಯುತ್ತದೆ, ಶುಗರ್ ಇದ್ದವರಿಗೆ ಇನ್ನೂ ಬೇಗ. ಹಲ್ಲು ತೆಗೆದ ದಿನವೇ ಸೆಟ್ ಹಾಕಿದ್ದರೆ ಮಾತ್ರ ಮೊದಲ 24 ಗಂಟೆ ತೆಗೆಯಬಾರದು, ಬಾತುಕೊಂಡರೆ ಮತ್ತೆ ಹಾಕಲಾಗುವುದಿಲ್ಲ. ಪೇಸ್ಟ್ ಬೇಡ, ಗೀರು ಬಿದ್ದು ಅದರಲ್ಲಿ ಕೊಳೆ ಕೂರುತ್ತದೆ. ಕೈ ತೊಳೆಯುವ ಸೋಪು, ಮೆತ್ತಗಿನ ಬ್ರಶ್ ಸಾಕು. ಬೇಸಿನ್‌ನಲ್ಲಿ ಅರ್ಧ ನೀರು ತುಂಬಿಸಿ ಅದರ ಮೇಲೆ ತೊಳೆಯಿರಿ, ಜಾರಿ ಬಿದ್ದರೂ ಒಡೆಯುವುದಿಲ್ಲ. ರಾತ್ರಿ ತಣ್ಣೀರಿನಲ್ಲಿಡಿ. ಕುದಿನೀರು ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ.

ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡಲೆಂದು ರಾಜ್ಯ ಸರ್ಕಾರ ತಂದದ್ದು ದಂತಭಾಗ್ಯ ಯೋಜನೆ. ಕಾರ್ಡ್, ಆಧಾರ್ ಹಿಡಿದು ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ, ಮಂಗಳೂರಿನವರು ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಮಣಿಪಾಲ, ಮಂಗಳೂರಿನ ಲೈಟ್‌ಹೌಸ್ ಹಿಲ್, ದೇರಳಕಟ್ಟೆಯ ಡೆಂಟಲ್ ಕಾಲೇಜುಗಳಲ್ಲಿಯೂ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಎದುರೇ ಸೆಟ್ ಮಾಡುತ್ತಾರೆ. ಭೇಟಿ ಎರಡು-ಮೂರು ಹೆಚ್ಚಾಗಬಹುದು, ಅವಸರ ಇಲ್ಲದವರು ಧೈರ್ಯವಾಗಿ ಹೋಗಿ. ಎಲ್ಲಿ ಮಾಡಿಸಿದರೂ ಹಣ ಕೊಡುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಸೆಟ್ ಕೊಟ್ಟ ಮೇಲೆ ಒತ್ತುವ ಕಡೆ ಸರಿಮಾಡುವ ಭೇಟಿಗಳು ಅದೇ ದರದಲ್ಲಿ ಸೇರಿವೆಯಾ ಅಂತ.