ಐಟಿಐ ಮುಗಿದಿದೆ, ತೋಟದ ಪಂಪ್‌ಸೆಟ್ ಕೆಲಸಕ್ಕೆ ಇಳಿಯುವ ಮೊದಲು ಏನು ಕಲಿಯಬೇಕು?

ತೀರ್ಥಹಳ್ಳಿಯಿಂದ

ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ ಮುಗಿದು ಎನ್‌ಟಿಸಿ (ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ) ಕೈಗೆ ಬಂದಿದೆ. ಮೋಟಾರು ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸರ್ಕ್ಯೂಟ್ ನೋಡದೆ ಬರೆಯುತ್ತೇನೆ, ಬೋರ್ಡಿನ ಮೇಲೆ ವೈರಿಂಗೂ ಮಾಡುತ್ತೇನೆ. ಆದರೆ ತೋಟಕ್ಕೆ ಕರೆದು "ಮೋಟಾರು ನೀರು ಎತ್ತುತ್ತಿಲ್ಲ, ನೋಡಪ್ಪ" ಅಂದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆ ಸ್ವಂತವಾಗಿ ಪಂಪ್‌ಸೆಟ್ ರಿಪೇರಿ ಮಾಡಬೇಕೆಂದಿದ್ದೇನೆ. ಯಾವ ಮೀಟರು ಕೊಳ್ಳಲಿ, ಏನನ್ನು ಮೊದಲು ಕಲಿಯಲಿ? ಅಪ್ರೆಂಟಿಸ್ ಹೋಗಲೇಬೇಕೇ?

ವೈಂಡಿಂಗ್ ಕೆಲಸ, ಸಾಗರ

ಮೀಟರು ಎರಡು ಸಾಕು: ಕ್ಲ್ಯಾಂಪ್ ಮೀಟರು (ತಂತಿ ಬಿಚ್ಚದೆ ಸುತ್ತ ಹಿಡಿದು ಆಂಪ್ಸು ನೋಡುವುದು) ಮತ್ತು 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವುದು). ಒಂದು ನೋಟ್‌ಬುಕ್ಕೂ ಇರಲಿ. ಅಳತೆ ಬರೆದುಕೊಳ್ಳುವವರೆಗೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ಮೊದಲು ಮೂರು ಫೇಸಿನ ನಡುವಿನ ವೋಲ್ಟೇಜು ನೋಡಿ, ಮೋಟಾರು ನಿಂತಾಗ ಒಮ್ಮೆ, ಓಡುವಾಗ ಒಮ್ಮೆ. ಹೊಸಬರು ತಪ್ಪುವುದು ಇಲ್ಲೇ. ಕಂಬದ ಜಂಪರ್ (ಲೈನ್ ಜೋಡಿಸುವ ತುಂಡು ತಂತಿ) ಸಡಿಲವಿದ್ದರೂ ಲೋಡ್ ಇಲ್ಲದಾಗ ಮೀಟರು 415 ತೋರಿಸುತ್ತದೆ, ಮೋಟಾರು ಹಾಕಿದ ಕೂಡಲೇ ಕುಸಿಯುತ್ತದೆ. ಓಡುವಾಗ 415, 410, 380 ಬಂತು ಅನ್ನಿ. ಸರಾಸರಿ ಸುಮಾರು 402, ಅದರಿಂದ 380 ದೂರ ಇರುವುದು 22 ವೋಲ್ಟು, ಅಂದರೆ ಶೇ. 5ಕ್ಕಿಂತ ಹೆಚ್ಚು. ವೋಲ್ಟೇಜಿನ ಇಷ್ಟು ವ್ಯತ್ಯಾಸ ಕರೆಂಟಿನಲ್ಲಿ ಹಲವು ಪಟ್ಟಾಗುತ್ತದೆ. ಆ ಮೋಟಾರನ್ನು ಓಡಿಸಬಾರದು, ಲೈನ್ ಸರಿಯಾಗಬೇಕು. ಇದನ್ನು ನೋಡದೆ ಸುಟ್ಟ ಮೋಟಾರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಮತ್ತೆ ಕಟ್ಟಿಸಿ ಬೋರಿಗೆ ಇಳಿಸಿದರೆ ತಿಂಗಳೊಳಗೆ ಅದೇ ಮೋಟಾರು ವಾಪಸ್ ಬರುತ್ತದೆ.

ಆಮೇಲೆ ಮೂರೂ ತಂತಿಯ ಆಂಪ್ಸು. ನೇಮ್‌ಪ್ಲೇಟಿಗಿಂತ ತೀರಾ ಕಡಿಮೆ ಇದ್ದು ನೀರೂ ಇಲ್ಲವೆಂದರೆ ಬೋರು ಬತ್ತಿರಬಹುದು. ಹೊಸ ಜೋಡಣೆಯಾಗಿದ್ದು ನೀರು ತುಸುವೇ ಬರುತ್ತಿದ್ದರೆ ಮೋಟಾರು ಉಲ್ಟಾ ತಿರುಗುತ್ತಿರಬಹುದು, ಎರಡು ಫೇಸ್ ಅದಲುಬದಲು ಮಾಡಿ ನೋಡಿ. ನೀರಿಲ್ಲದೆ ಓಡಿದರೆ ಕರೆಂಟು ಇಳಿಯುವುದರಿಂದ ಓವರ್‌ಲೋಡ್ ರಿಲೇ (ಕರೆಂಟು ಹೆಚ್ಚಾದರೆ ಬಿದ್ದು ಮೋಟಾರು ನಿಲ್ಲಿಸುವ ಸಾಧನ) ಬೀಳುವುದೇ ಇಲ್ಲ. ಬುಷ್, ತ್ರಸ್ಟ್ ಬೇರಿಂಗ್ ಸವೆಯುತ್ತವೆ. ಅದಕ್ಕೇ ಡ್ರೈ ರನ್ ಪ್ರಿವೆಂಟರ್ ಬೇರೆ ಬೇಕು.

ಮೆಗ್ಗರ್ ಹಾಕುವ ಮೊದಲು ಸಪ್ಲೈ ತೆಗೆದು ಕೇಬಲನ್ನು ಸ್ಟಾರ್ಟರಿನಿಂದ ಬಿಡಿಸಿ. ಅರ್ತಿಗೆ 1 ಮೆಗ್‌ಓಮ್‌ಗಿಂತ ಕಡಿಮೆ ಬಂದರೆ ಮೋಟಾರು ಸುಟ್ಟಿದೆ ಎಂದುಬಿಡಬೇಡಿ. ಕೇಬಲ್ ಜಾಯಿಂಟಿಗೆ ನೀರು ಹೊಕ್ಕಿರಬಹುದು. ಮೋಟಾರನ್ನು ಬೋರಿನಿಂದ ಎತ್ತಿದ ಮೇಲೆ ಜಾಯಿಂಟ್ ಕತ್ತರಿಸಿ ಕೇಬಲಿಗೂ ಮೋಟಾರಿಗೂ ಬೇರೆ ಬೇರೆ ಮೆಗ್ಗರ್ ಹಾಕಿ.

ಬಿಚ್ಚಿದ ವೈಂಡಿಂಗ್ ನೋಡುವುದನ್ನೂ ಕಲಿಯಿರಿ. ಮೂರೂ ಫೇಸ್ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ಲೋ ವೋಲ್ಟೇಜ್. ಸ್ಟಾರ್ ಕನೆಕ್ಷನ್ನಿನಲ್ಲಿ ಎರಡು ಫೇಸ್ ಸುಟ್ಟು ಒಂದು ಹೊಸದರಂತಿದ್ದರೆ ಲೈನಿನ ಒಂದು ಫೇಸ್ ತಪ್ಪಿದೆ. ಡೆಲ್ಟಾದಲ್ಲಿ ಅದೇ ಕಾರಣಕ್ಕೆ ಒಂದು ಸುಟ್ಟು ಎರಡು ಉಳಿಯುತ್ತವೆ. ಒಂದೇ ಜಾಗದಲ್ಲಿ ಕರಗಿದ್ದರೆ ಇನ್ಸುಲೇಷನ್ ಹೋಗಿ ಸುತ್ತುಗಳು ಒಂದಕ್ಕೊಂದು ತಾಗಿವೆ.

ಲೈನ್ ಕೆಲಸ, ಶಿವಮೊಗ್ಗ

ಮೇಲಿನವರು ಹೇಳಿದ್ದೆಲ್ಲ ಸರಿ, ಸುರಕ್ಷತೆ ಸೇರಿಸುತ್ತೇನೆ. ಟ್ರಾನ್ಸ್‌ಫಾರ್ಮರಿನ ಫ್ಯೂಸು ಮುಟ್ಟುವುದು ಮೆಸ್ಕಾಂ (ಈ ಕಡೆಯ ವಿದ್ಯುತ್ ಕಂಪನಿ) ಲೈನ್‌ಮನ್ ಕೆಲಸ. ರೈತರು ಎಷ್ಟೇ ಒತ್ತಾಯಿಸಲಿ, ಕಂಬ ಹತ್ತಬೇಡಿ. ಮೇನ್ ಸ್ವಿಚ್ ತೆಗೆದ ಮೇಲೂ ನಿಯಾನ್ ಟೆಸ್ಟರನ್ನು ನಂಬಬೇಡಿ. ಮೀಟರನ್ನು ಮೊದಲು ಕರೆಂಟಿರುವ ಕಡೆ ಹಿಡಿದು ಪರೀಕ್ಷಿಸಿ, ನಂತರ ಕೆಲಸದ ಜಾಗದಲ್ಲಿ, ಆಮೇಲೆ ಮತ್ತೆ ಕರೆಂಟಿರುವ ಕಡೆ.

ಅರ್ತಿಂಗ್ ವಿಷಯ ಮಲೆನಾಡಿನಲ್ಲಿ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ತು ಜಂಬಿಟ್ಟಿಗೆ ನೆಲದಲ್ಲಿ ಮಾರ್ಚ್ ಹೊತ್ತಿಗೆ ಒಣಗಿರುತ್ತದೆ. ಅರ್ತು 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪ್ಸು ಮಾತ್ರ. 16 ಆಂಪ್ಸಿನ ಫ್ಯೂಸು ಹೋಗುವುದಿಲ್ಲ, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕರೆಂಟು ಹಾಗೇ ಉಳಿಯುತ್ತದೆ. ಅದಕ್ಕೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಪ್ಲೈ ಕಡಿಯುವ ಸ್ವಿಚ್ಚು) ಹಾಕಿಸಿ. ಅರ್ತಿನ ಪೈಪನ್ನು ಬಚ್ಚಲ ನೀರು ಹರಿಯುವಂಥ ತಂಪು ಜಾಗದಲ್ಲಿ ಹೂಳಿ.

ಸ್ವಂತವಾಗಿ ವೈರಿಂಗ್ ಕೆಲಸ ಹಿಡಿಯಲು ಎನ್‌ಟಿಸಿ ಒಂದೇ ಸಾಲದು. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಿ. ಗುತ್ತಿಗೆ ಹಿಡಿಯಲು ಲೈಸೆನ್ಸ್ ಬೇರೆ. ಅಪ್ರೆಂಟಿಸ್ ಖಂಡಿತ ಹೋಗಿ. ಮಾಚೇನಹಳ್ಳಿ ಕಡೆಯ ಕಾರ್ಖಾನೆಯಾದರೆ ಪ್ಯಾನಲ್ ಕೆಲಸ ಬರುತ್ತದೆ, ವೈಂಡಿಂಗ್ ಅಂಗಡಿಯಾದರೆ ಮೋಟಾರು. ನಿಮ್ಮ ಗುರಿ ತೋಟವಾದ್ದರಿಂದ ಜನವರಿಯಿಂದ ಮೇವರೆಗೆ ವೈಂಡಿಂಗ್ ಅಂಗಡಿಯಲ್ಲಿರಿ. ನೀರು ಹಾಯಿಸುವ ಆ ಕಾಲದಲ್ಲೇ ಮೋಟಾರುಗಳು ಸಾಲುಗಟ್ಟಿ ಬರುತ್ತವೆ.

ತೀರ್ಥಹಳ್ಳಿಯಿಂದ

ತುಂಬಾ ಉಪಕಾರವಾಯಿತು. ಎರಡು ಸಂಶಯ: ಸ್ಟಾರ್-ಡೆಲ್ಟಾದಲ್ಲಿ ರಿಲೇ ಎಷ್ಟಕ್ಕೆ ಇಡಬೇಕು? ಜಾಯಿಂಟ್ ಸೋರದಂತೆ ಮಾಡುವುದು ಹೇಗೆ?

ವೈಂಡಿಂಗ್ ಕೆಲಸ, ಸಾಗರ

ರಿಲೇ ವೈಂಡಿಂಗಿನ ದಾರಿಯಲ್ಲಿದ್ದರೆ ನೇಮ್‌ಪ್ಲೇಟ್ ಆಂಪ್ಸಿನ 0.58 ಪಾಲು. 15 ಆಂಪ್ಸಿನ ಮೋಟಾರಿಗೆ 8.7. ಅಲ್ಲಿ 15ಕ್ಕೇ ಇಟ್ಟರೆ ಲೈನಿನಲ್ಲಿ 26 ಆಂಪ್ಸು ಹರಿಯುವವರೆಗೆ ರಿಲೇ ಸುಮ್ಮನಿರುತ್ತದೆ. ಪದೇ ಪದೇ ಬೀಳುತ್ತದೆ ಎಂದು ಸೆಟ್ಟಿಂಗ್ ಏರಿಸುವುದು, ಪ್ರಿವೆಂಟರ್ ಬೈಪಾಸ್ ಮಾಡುವುದು ಎರಡೂ ಮೋಟಾರಿಗೆ ಬೆಂಕಿ ಇಟ್ಟಂತೆ. ಯಾರು ಕೇಳಿದರೂ ಮಾಡಿಕೊಡಬೇಡಿ.

ಜಾಯಿಂಟಿಗೆ ಮೂರು ಎಳೆಯನ್ನೂ ಒಂದೇ ಕಡೆ ಕತ್ತರಿಸಬೇಡಿ, ನಾಲ್ಕೈದು ಸೆಂ.ಮೀ. ಹಿಂದುಮುಂದಾಗಿ ಕತ್ತರಿಸಿ. ಆಗ ಗಂಟುಗಳು ಅಕ್ಕಪಕ್ಕ ಬರುವುದಿಲ್ಲ. ತಾಮ್ರದ ಫೆರೂಲ್ (ಸಣ್ಣ ಕೊಳವೆ) ಹಾಕಿ ಕ್ರಿಂಪ್ ಮಾಡಿ (ಒತ್ತಿ ಬಿಗಿಯಿರಿ), ಇನ್ಸುಲೇಷನ್ನಿನ ಮೇಲಿನ ಎಣ್ಣೆ, ಮಣ್ಣು ಒರೆಸಿ. ರಬ್ಬರ್ ಟೇಪನ್ನು ಎಳೆದು ಅರ್ಧಕ್ಕರ್ಧ ಮೇಲೆ ಬರುವಂತೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪು. ಬೆವರಿದ ಕೈಯಲ್ಲಿ ಸುತ್ತಿದ ಟೇಪು ಹಿಡಿಯುವುದಿಲ್ಲ. ಮುಗಿದ ಮೇಲೆ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ನೀರಿನಲ್ಲಿರುವಾಗಲೇ ಎಳೆಗೂ ನೀರಿಗೂ ಮೆಗ್ಗರ್ ಹಾಕಿ. ನೀರು ತುಂಬುವ ಬಗೆಯ ಮೋಟಾರಾದರೆ ಶುದ್ಧ ನೀರು ತುಂಬಿ, ಗಾಳಿಗುಳ್ಳೆ ಬರುವುದು ನಿಂತ ಮೇಲೆ ಮುಚ್ಚಳ ಬಿಗಿದು ಇಳಿಸಿ.

ಕೇಬಲ್ ಉದ್ದವನ್ನೂ ಲೆಕ್ಕ ಹಾಕಿ. 10 ಆಂಪ್ಸು, 200 ಮೀಟರ್, 2.5 ಚದರ ಮಿ.ಮೀ. ತಾಮ್ರವಾದರೆ ಸುಮಾರು 20 ವೋಲ್ಟು ದಾರಿಯಲ್ಲೇ ಹೋಗುತ್ತದೆ, 4 ಚದರ ಮಿ.ಮೀ. ಆದರೆ 13. ಲೈನೇ 370ರಲ್ಲಿ ಬರುವ ಊರಿನಲ್ಲಿ ಆ ಏಳು ವೋಲ್ಟೂ ಬೇಕಾಗುತ್ತದೆ.