‘ಹೌದು, ಮತ್ತೆ?’ ಅಂದರೆ ಆಟ ನಿಂತುಹೋಗುತ್ತದೆ: ಇಂಪ್ರೊವ್ ಪಾಠಕ್ಕೆ ಕನ್ನಡದ ಮಾತು ಬೇಕು

ಎಲ್ಲರಿಗೂ ನಮಸ್ಕಾರ.

ಜಯನಗರದಲ್ಲಿ ಗೆಳೆಯರೊಬ್ಬರು ವಾರಾಂತ್ಯಕ್ಕೆ ಇಂಪ್ರೊವ್ ತರಗತಿ ನಡೆಸುತ್ತಾರೆ. ಬರೆದಿಟ್ಟ ಮಾತಿಲ್ಲದೆ, ಆಗಿಂದಾಗ ಹೊಳೆದದ್ದನ್ನೇ ಆಡಿ ತೋರಿಸುವ ನಾಟಕ. ಇಷ್ಟು ದಿನ ಇಂಗ್ಲಿಷಿನಲ್ಲಿತ್ತು, ಈಗ ಕನ್ನಡದ ಬ್ಯಾಚೂ ಶುರುವಾಗಿದೆ. ಪಾಠದ ಹಾಳೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಟದ ಹೆಸರಿನ ಬಗ್ಗೆ ನಾನು ಕೇಳುತ್ತಿಲ್ಲ. ‘ಆಶುನಾಟಕ’ ಅಂತ ಸಲಹೆ ಬಂದಿದೆ, ಇರಲಿ. ಬೋರ್ಡಿನ ಮೇಲೆ ‘ಇಂಪ್ರೊವ್’ ಅಂತಲೇ ಹಾಕಿದ್ದಾರೆ. (ಅದನ್ನು ನೋಡಿ ‘ಇಂಗ್ಲಿಷ್ ಎಷ್ಟು ದಿನಕ್ಕೆ ಇಂಪ್ರೂವ್ ಆಗುತ್ತೆ?’ ಅಂತ ಫೋನ್ ಮಾಡುವವರೂ ಇದ್ದಾರೆ.) ನನ್ನ ತೊಡಕೆಲ್ಲ ಮೊದಲ ಪಾಠದ್ದು.

ಮೊದಲ ಪಾಠ ‘ಯೆಸ್, ಆ್ಯಂಡ್’. ಜೊತೆಗಾರ ಏನೇ ಹೇಳಿದರೂ ಅದನ್ನು ನಿಜ ಅಂತಲೇ ಇಟ್ಟುಕೊಂಡು, ಅದರ ಮೇಲೆ ನಿಮ್ಮದೊಂದು ಸೇರಿಸಬೇಕು. ಹಳೆಯ ಹಾಳೆಯಲ್ಲಿ ಯಾರೋ ‘ಹೌದು, ಮತ್ತು’ ಅಂತ ಬರೆದಿದ್ದರು. ‘ಮತ್ತು’ ಬರಹದಲ್ಲಿ ಸರಿ, ಮಾತಿನಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಕಲಿಯುವವರು ತಾವಾಗಿಯೇ ಅದನ್ನು ‘ಹೌದು, ಮತ್ತೆ?’ ಮಾಡಿಕೊಂಡರು. ಎಡವಟ್ಟಾಗಿದ್ದು ಅಲ್ಲೇ.

ಒಬ್ಬರು ಕುರ್ಚಿಯಲ್ಲಿ ಕೂತು ಶುರು ಮಾಡಿದರು: ‘ಡಾಕ್ಟ್ರೇ, ಬೆಳಗ್ಗೆಯಿಂದ ನನ್ನ ನೆರಳು ಕಾಣ್ತಿಲ್ಲ.’

‘ಹೌದು, ಮತ್ತೆ?’

‘ಮತ್ತೆ... ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗ ಇತ್ತು.’

‘ಹೌದಾ, ಮತ್ತೆ?’

ಪಾಪ, ಕಥೆಯನ್ನೆಲ್ಲ ಪೇಷೆಂಟೇ ಕಟ್ಟಬೇಕಾಯಿತು. ಡಾಕ್ಟರು ಆರಾಮಾಗಿ ತಲೆ ಆಡಿಸುತ್ತಾ ಕೂತರು. ಇಂಗ್ಲಿಷಿನ ಆ ಮಾತು ‘ಈಗ ನಾನು ಸೇರಿಸ್ತೀನಿ’ ಅನ್ನುತ್ತದೆ. ನಮ್ಮ ‘ಮತ್ತೆ?’ ಅನ್ನುವುದು ‘ನೀನೇ ಮುಂದೆ ಹೇಳು’ ಅಂತ. ಕೆಲಸ ಪೂರಾ ಉಲ್ಟಾ. ಮುಂದಿನ ಜೋಡಿಗೆ ಆ ಎರಡು ಪದ ಮರೆತುಬಿಡಿ ಅಂದೆವು. ಅದೇ ನೆರಳಿನ ದೂರಿಗೆ ಈ ಡಾಕ್ಟರು, ‘ಗೊತ್ತು, ಕೂತ್ಕೊಳ್ಳಿ. ನಿಮ್ಮ ನೆರಳು ಆಗ್ಲೇ ಬಂದು ಟೋಕನ್ ತಗೊಂಡಿದೆ, ನೀವೇ ಕಾಣ್ತಿಲ್ಲ ಅಂತ ಅದರ ಕಂಪ್ಲೇಂಟು’ ಅಂದರು. ಬೇಕಾಗಿರುವುದು ಇದು.

‘ಹೌದು’ ಕೂಡ ತಕರಾರಿನದೇ. ‘ಜೊತೆಗಾರನ ಮಾತು ಒಪ್ಪಿಕೊಳ್ಳಿ’ ಅಂತ ಬರೆದರೆ, ಪಾತ್ರವೇ ಎಲ್ಲಕ್ಕೂ ಹೂಂ ಅನ್ನಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಪಾತ್ರ ಜಗಳ ಆಡಬಹುದು, ನಟ ಮಾತ್ರ ಜೊತೆಗಾರ ಕಟ್ಟಿದ್ದನ್ನು ಕೆಡವಬಾರದು. ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳ ಕೈಯಲ್ಲಿ ಬರೆದ ಸಂಭಾಷಣೆ ಇರುವುದಿಲ್ಲ, ಹಾಡುವ ಭಾಗವತರ ಪದ್ಯ ಹಿಡಿದು ಮಾತು ಬೆಳೆಸುತ್ತಾರೆ. ಕೃಷ್ಣಸಂಧಾನದ ಕೌರವ ಐದು ಊರನ್ನೂ ಕೊಡಲ್ಲ ಅಂತ ಎಷ್ಟು ಹೊತ್ತಾದರೂ ವಾದ ಮಾಡುತ್ತಾನೆ. ಆದರೆ ‘ನೀನು ಕೃಷ್ಣನೇ ಅಲ್ಲ, ಇದು ಸಭೆಯೇ ಅಲ್ಲ’ ಅನ್ನುವುದಿಲ್ಲ. ಎದುರಾಳಿಯ ಮಾತಿಗೆ ಹೀಗೆ ನೆಲ ಬಿಟ್ಟುಕೊಡುವುದಕ್ಕೆ ಕರಾವಳಿ, ಮಲೆನಾಡಿನ ಅರ್ಥಧಾರಿಗಳು ತಮ್ಮತಮ್ಮಲ್ಲಿ ಏನನ್ನುತ್ತಾರೆ? ಅಲ್ಲಿಯವರು ದಯವಿಟ್ಟು ತಿಳಿಸಿ.

ಇನ್ನು ‘ಆಫರ್’, ‘ಬ್ಲಾಕ್’. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿದ್ದು ಆಮೇಲೆ ಕೆನಡಾದ ಕ್ಯಾಲ್ಗರಿಗೆ ಹೋದ ಕೀತ್ ಜಾನ್‌ಸ್ಟೋನ್ 1979ರ ತಮ್ಮ ಪುಸ್ತಕದಲ್ಲಿ ಬಳಸಿದ ಪದಗಳು ಇವು. ಆಫರ್ ಅಂದರೆ ಜೊತೆಗಾರ ಮುಂದಿಡುವ ಮಾತು ಅಥವಾ ಚೇಷ್ಟೆ. ಬ್ಲಾಕ್ ಅಂದರೆ ಅದನ್ನು ತಳ್ಳಿಹಾಕುವುದು. ಬೆಂಗಳೂರಿನಲ್ಲಿ ಆಫರ್ ಅಂದರೆ ಆಷಾಢದ ಸೀರೆ ಸೇಲು. ಬ್ಲಾಕ್ ಇನ್ನೂ ಕಷ್ಟ. ಜಯನಗರದಲ್ಲಂತೂ ಅದು ವಿಳಾಸ! ಹೊಸಬರು ಹೇಗೋ ಹೊಂದಿಕೊಂಡರು. ಕಲಾಕ್ಷೇತ್ರ, ರಂಗಶಂಕರಗಳಲ್ಲಿ ಆಡಿ ಪಳಗಿದವರಿಗೆ ಬ್ಲಾಕಿಂಗ್ ಅಂದರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎಲ್ಲಿಂದ ಎಲ್ಲಿಗೆ ನಡೆಯಬೇಕು ಅಂತ. ‘ಬ್ಲಾಕ್ ಮಾಡಬೇಡಿ’ ಅಂದಾಗ ಒಬ್ಬ ಹಿರಿಯ ನಟರು, ‘ಹಂಗಾದ್ರೆ ಎಲ್ಲಿ ನಿಂತ್ಕೊಳ್ಳಲಿ?’ ಅಂತ ಕೇಳಿದರು.

ಬ್ಲಾಕ್‌ಗೆ ಕನ್ನಡದಲ್ಲಿ ಬಡತನ ಏನಿಲ್ಲ. ಕೊಕ್ಕೆ ಹಾಕು, ಅಡ್ಡಗಾಲು ಹಾಕು, ಕ್ಯಾತೆ ತೆಗೆ, ತಣ್ಣೀರೆರಚು. ‘ಕೊಕ್ಕೆ ಹಾಕಬೇಡಿ’ ಅಂದದ್ದೇ ತಡ, ಎಲ್ಲರಿಗೂ ಅರ್ಥವಾಯಿತು. ಅದನ್ನೇ ಇಟ್ಟುಕೊಂಡಿದ್ದೇನೆ. ತಮಾಷೆ ಅಂದರೆ, ಇನ್ನೊಬ್ಬರ ಮಾತಿಗೆ ಒಂದು ಸೇರಿಸುವುದಕ್ಕೆ ಇರುವ ಪದಗಳಲ್ಲೆಲ್ಲ ಬೈಗುಳದ ವಾಸನೆ: ಒಗ್ಗರಣೆ ಹಾಕು, ಉಪ್ಪುಖಾರ ಹಚ್ಚು, ರೆಕ್ಕೆಪುಕ್ಕ ಕಟ್ಟು. ‘ರೆಕ್ಕೆಪುಕ್ಕ ಕಟ್ಟಿ’ ನನಗೆ ಇಷ್ಟ. ಆದರೆ ಸುಳ್ಳು ಹೇಳಿ ಅಂದ ಹಾಗಾಗುತ್ತೆ ಅಂತ ಗೆಳೆಯರ ಅನುಮಾನ.

ಹೀಗೆ ಹುಡುಕುವಾಗ ಸಿಕ್ಕಿದ್ದು ಮಕ್ಕಳ ‘ಅಂತೆ’. ‘ಇದು ಬಸ್ಸಂತೆ.’ ‘ಹೂಂ, ನಾನು ಕಂಡಕ್ಟರ್ ಅಂತೆ, ನಿನ್ನ ಹತ್ರ ಚಿಲ್ಲರೆ ಇಲ್ವಂತೆ.’ ಇಂಪ್ರೊವ್‌ನ ಮೊದಲ ಪಾಠ ಇದೇ ಅಲ್ವಾ! ಇದು ಕಾಕತಾಳೀಯವೂ ಅಲ್ಲ. ಅಮೆರಿಕದಲ್ಲಿ ಈ ಕಲೆಗೆ ಬುನಾದಿ ಹಾಕಿದವರು ವಯೋಲಾ ಸ್ಪೋಲಿನ್. ಶಿಕಾಗೋದಲ್ಲಿ ವಲಸೆ ಬಂದವರ ಮಕ್ಕಳಿಗೆ ನಾಟಕ ಕಲಿಸುತ್ತಾ, ಮಕ್ಕಳಾಟದಿಂದಲೇ ಅವರು ತಮ್ಮ ರಂಗದಾಟಗಳನ್ನು ಕಟ್ಟಿದ್ದು. 1959ರಲ್ಲಿ ಅಲ್ಲಿ ಶುರುವಾದ ಸೆಕೆಂಡ್ ಸಿಟಿ ತಂಡದ ಸ್ಥಾಪಕರಲ್ಲಿ ಅವರ ಮಗ ಪಾಲ್ ಸಿಲ್ಸ್ ಒಬ್ಬರು.

ಹಾಗಾಗಿ ಹಾಳೆಯಲ್ಲಿ ‘ಹೌದು, ಮತ್ತು’ ಹೊಡೆದುಹಾಕಿ ‘ಹೂಂ, ... ಅಂತೆ’ ಅಂತ ಬರೆದಿದ್ದೇನೆ. ಇದಕ್ಕೆ ಎರಡು ಆಕ್ಷೇಪ ಬಂದಿವೆ. ಅಂತೆ ಅಂದರೆ ಗಾಳಿಸುದ್ದಿ, ಅಂತೆಕಂತೆ. ಆ ಅರ್ಥ ಅಡ್ಡ ಬರಲ್ವಾ ಅಂತ ಒಬ್ಬರು. ನನಗೇನೋ ಬರುತ್ತದೆ ಅನ್ನಿಸುವುದಿಲ್ಲ. ಎರಡನೆಯದು ಗಟ್ಟಿ ಆಕ್ಷೇಪ: ‘ನಾನು ಕಂಡಕ್ಟರ್ ಅಂತೆ’ ಅನ್ನುವ ಮಗು ಆ ಗಳಿಗೆಯಲ್ಲಿ ಕಂಡಕ್ಟರ್ ಆಗಿರುವುದಿಲ್ಲ, ಆಟದ ಹೊರಗೆ ನಿಂತು ಕರಾರು ಮಾಡುತ್ತಿರುತ್ತದೆ. ನಟ ಹಾಗೆ ಹೊರಗೆ ಬರುವ ಹಾಗಿಲ್ಲ. ಅದಕ್ಕೇ ಮೊದಲು ‘ಅಂತೆ’ ಹಚ್ಚಿ ಆಡಿಸಿ, ಆಮೇಲೆ ಅದೇ ದೃಶ್ಯವನ್ನು ‘ಅಂತೆ’ ಬಿಟ್ಟು ಆಡಿಸುವುದು ಅಂತ ಸದ್ಯಕ್ಕೆ ತೀರ್ಮಾನ.

ನಾನು ಹೇಳುತ್ತಿರುವುದು ಬೆಂಗಳೂರು, ಮೈಸೂರು ಕಡೆಯ ಮಕ್ಕಳ ಮಾತು. ಧಾರವಾಡದ ಕಡೆ ‘ಬರ್ತಾನಂತ’ ಅನ್ನುತ್ತಾರಲ್ಲ, ಅಲ್ಲಿ ಮಕ್ಕಳ ಆಟದಲ್ಲೂ ಅದೇ ‘ಅಂತ’ ಬರುತ್ತದಾ? ಕುಂದಾಪುರ, ಕಲಬುರಗಿ ಕಡೆ ಏನನ್ನುತ್ತಾರೆ? ಬ್ಯಾಚಿನಲ್ಲಿ ಎಲ್ಲ ಕಡೆಯವರೂ ಇದ್ದಾರೆ. ಹಾಳೆ ಜೆರಾಕ್ಸ್‌ಗೆ ಹೋಗುವ ಮುಂಚೆ ಗೊತ್ತಾದರೆ ಆಯಾ ಕಡೆಯ ರೂಪವನ್ನೂ ಪಕ್ಕದಲ್ಲೇ ಹಾಕುತ್ತೇನೆ. ಆಫರ್‌ಗೂ ಒಂದು ಒಳ್ಳೆಯ ಪದ ಹೊಳೆದರೆ ಹೇಳಿ. ‘ಕೊಡುಗೆ’ ಬೇಡ, ಅದೂ ಸೀರೆ ಅಂಗಡಿಯಲ್ಲೇ ಇದೆ.