‘ಮೆಟಲೋಜೆಲ್’: ಲೋಳೆಯೋ, ಹೆಪ್ಪೋ?

ಗೆಳೆಯರೆ,

ವಿರಾಜಪೇಟೆಯ ಕಡೆಯ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ವಿಜ್ಞಾನ ಬರಹ ಸಿದ್ಧಪಡಿಸುತ್ತಿದ್ದೇನೆ. ‘ಮೆಟಲೋಜೆಲ್’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನುವುದೆಂದು ತಿಳಿಯದೆ ಮೂರು ದಿನದಿಂದ ಸಿಕ್ಕಿಬಿದ್ದಿದ್ದೇನೆ.

ವಸ್ತು ಕಷ್ಟದ್ದಲ್ಲ. ಲೋಹದ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಸಣ್ಣ ಅಣುಗಳನ್ನು ಹೆಣೆದು ಬಲೆ ಮಾಡುತ್ತವೆ, ಬಲೆಯೊಳಗೆ ನೀರು ಅಲುಗದೆ ನಿಲ್ಲುತ್ತದೆ. ತಾಮ್ರ ಹಿಡಿದು ನಿಲ್ಲಿಸಿದ ಜೆಲ್‌ಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಬಿದ್ದರೆ ಅದು ತಾಮ್ರವನ್ನು ತನ್ನತ್ತ ಎಳೆದುಕೊಳ್ಳಬಲ್ಲದು. ಆಗ ಕಂಬ ಕಿತ್ತ ಚಪ್ಪರದಂತೆ ಜೆಲ್ ಕುಸಿಯುತ್ತದೆ. ಹಿಸ್ಟಿಡಿನ್ ಇದೆಯೆಂಬ ಸುಳಿವು ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದಯ್ ಮೈತ್ರ ಅವರ ತಂಡ ಪಿತ್ತರಸದ ಲವಣಕ್ಕೆ ಟರ್ಬಿಯಂ ಎಂಬ ಲೋಹ ಸೇರಿಸಿ ಮಾಡಿದ ಜೆಲ್ ಇನ್ನೊಂದು ಬಗೆಯದು. ಅದರಲ್ಲಿ ಒಂದು ಅಣುವಿಗೆ ಮುಸುಕು ಹಾಕಿರುತ್ತಾರೆ. ಪತ್ತೆಯಾಗಬೇಕಾದ ಕಿಣ್ವ ಬಂದು ಮುಸುಕನ್ನು ಕತ್ತರಿಸಿದರೆ, ನೇರಳಾತೀತ ಬೆಳಕಿನಲ್ಲಿ ಜೆಲ್ ಹಸಿರಾಗಿ ಹೊಳೆಯುತ್ತದೆ.

ಸಹೋದ್ಯೋಗಿಯೊಬ್ಬರು ‘ಲೋಹಲೋಳೆ’ ಎಂದರು. ಕೇಳಲು ಚೆಂದ, ನನಗೆ ಒಪ್ಪಿಗೆಯಿಲ್ಲ. ಕೊಯ್ಲಿನ ಕಾಲದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಆಗಷ್ಟೇ ಹೊರಬಿದ್ದ ಅರೇಬಿಕಾ ಬೀಜವನ್ನು ಮುಷ್ಟಿಯಲ್ಲಿ ಹಿಡಿಯಲು ಹೋದವರಿಗೆ ಲೋಳೆಯೆಂದರೇನೆಂದು ಹೇಳಬೇಕಿಲ್ಲ. ಬೆರಳ ಸಂದಿಯಿಂದ ಪುಳಕ್ಕನೆ ಜಾರುತ್ತದೆ. ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ತೊಳೆದು, ಅಂಗೈಯಲ್ಲಿ ಉಜ್ಜಿದಾಗ ಚರಚರ ಎಂದರೆ ಲೋಳೆ ಹೋಯಿತೆಂದು ಲೆಕ್ಕ. ಲೋಳೆಯ ಗುಣವೇ ಜಾರುವುದು. ಜೆಲ್ ಹಾಗಲ್ಲ, ಶೀಶೆಯನ್ನು ತಲೆಕೆಳಗು ಮಾಡಿದರೂ ಬೀಳಬಾರದು, ಪ್ರಯೋಗಾಲಯದಲ್ಲಿ ಮೊದಲು ನೋಡುವುದೇ ಅದನ್ನು.

ಈ ಪರೀಕ್ಷೆ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಮೊಸರಿಗೆ ನಡೆಯುತ್ತದೆ. ಅತ್ತೆ ಪಾತ್ರೆಯನ್ನು ಓರೆ ಮಾಡಿ ನೋಡುತ್ತಾರೆ. (ಇಲ್ಲಿನ ಮಳೆಗಾಲದಲ್ಲಿ ಒಲೆಯ ಪಕ್ಕ ಇಡದಿದ್ದರೆ ಓರೆ ಮಾಡುವುದೇ ಬೇಡ, ಹಾಲು ಹಾಲಾಗಿಯೇ ಇರುತ್ತದೆ.) ಹಾಗಾಗಿ ನನ್ನ ಒಲವು ‘ಹೆಪ್ಪು’ ಪದದ ಕಡೆಗೆ. ಹಾಲು, ರಕ್ತ, ಹಿಮದ ನಾಡಿನ ನೀರು, ಮೂರಕ್ಕೂ ನಾವು ‘ಹೆಪ್ಪುಗಟ್ಟಿತು’ ಎನ್ನುತ್ತೇವೆ. ‘ಜೆಲ್’ ಕೂಡ ಜೆಲಟಿನ್ ಪದದ ತುಂಡು. ಅದರ ಲ್ಯಾಟಿನ್ ಮೂಲಕ್ಕೆ ನೀರು ಹೆಪ್ಪುಗಟ್ಟುವುದೆಂದೇ ಅರ್ಥ. ಇನ್ನೂ ಒಂದು ಅನುಕೂಲವಿದೆ: ಹಾಲಿಗೆ ಹಾಕುವ ಆ ಒಂದು ಚಮಚ ಮೊಸರೂ ಹೆಪ್ಪೇ. ಇಲ್ಲಿ ಲೋಹ ಮಾಡುವುದು ಬಹುಮಟ್ಟಿಗೆ ಅದೇ ಕೆಲಸ.

ಹೀಗಾಗಿ ‘ಲೋಹಹೆಪ್ಪು’ ಎಂದು ಬರೆದುಕೊಂಡಿದ್ದೇನೆ. ಸಂಸ್ಕೃತ-ಕನ್ನಡ ಪದಗಳ ಬೆರಕೆಯಾದ ಅರಿಸಮಾಸವೆಂದು ಮೂಗು ಮುರಿಯುವವರಿಗೆ ‘ಲೋಹದ ಹೆಪ್ಪು’ ಆದೀತೆ? ರಕ್ತದ ಪರೀಕ್ಷೆಯ ಮಾತು ಬರುವಲ್ಲಿ ‘ಹೆಪ್ಪು’ ಓದುಗರನ್ನು ದಾರಿ ತಪ್ಪಿಸುತ್ತದೆಯೆ? ಇನ್ನೊಂದು ತೊಡಕು: ನಿಂತ ಜೆಲ್ ಮತ್ತೆ ದ್ರವವಾಗುವುದಕ್ಕೆ ಏನೆನ್ನೋಣ? ‘ಒಡೆಯಿತು’ ಎಂದರೆ ಹಾಲಿನ ನೆನಪಾಗಿ ಅರ್ಥ ತಿರುವುಮುರುವಾಗುತ್ತದೆ. ಸದ್ಯಕ್ಕೆ ‘ನೀರಾಯಿತು’ ಎಂದಿಟ್ಟಿದ್ದೇನೆ. ನಿಮ್ಮ ಊರುಗಳಲ್ಲಿ ನಿಂತ ಮೊಸರು ಕಲಕಿ ನೀರುನೀರಾದರೆ ಯಾವ ಪದ ಬಳಸುತ್ತೀರಿ?